ರೊಟ್ಟಿಯ ಸದ್ದು

ಶ್ರೀಕರನಿಗೆ ದೃಷ್ಟಿಯಾಗಿದೆ ಎಂದು ಅವನ ತಾಯಿ ಉಷಾ ಹೇಳಿದಳೆಂದರೆ ಆ ಮನೆಯಲ್ಲಿ ಏನೋ ಒಂದು ಒಡೆದಿದೆ ಎಂದೇ ಅರ್ಥ. ಒಮ್ಮೆ ಕಾರಿನ ಕನ್ನಡಿ. ಒಮ್ಮೆ ಹೊಸ ಗಿಟಾರು. ಒಮ್ಮೆ ತಂಗಿ ನಿಕಿತಾಳ ಲ್ಯಾಪ್‌ಟಾಪು. ಒಡೆದವನು ಶ್ರೀಕರನೇ. ಆದರೆ ಒಡೆದವನ ಹೆಸರು ಹೇಳುವ ರೂಢಿ ಆ ಮನೆಯಲ್ಲಿರಲಿಲ್ಲ. ಯಾವ ಪಾಪಿಯ ಕಣ್ಣು ಬಿತ್ತೋ, ಅದಕ್ಕೇ ಮಗ ಹೀಗಾಡುತ್ತಾನೆ. ಅಲ್ಲಿಗೆ ವಿಚಾರಣೆ ಮುಗಿಯಿತು. "ಶಂಕ್ರವ್ವಾ, ಉಪ್ಪು ಮೆಣಸಿನಕಾಯಿ ತಗೊಂಡ್ ಬಾ" ಎಂದು ಉಷಾ ಕೂಗುತ್ತಿದ್ದಳು.

ಶಂಕ್ರವ್ವ ಆ ಮನೆಯ ಅಡುಗೆಯವಳು. ಬಾಗಲಕೋಟೆ ಕಡೆಯವಳು. ಗಂಡ ಸತ್ತ ಮೇಲೆ ಬೆಂಗಳೂರಿಗೆ ಬಂದು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತಳು. ಆಮೇಲೆ ಉಷಾಳ ತವರುಮನೆಯಲ್ಲಿ ಅಡುಗೆಗೆ ನಿಂತಳು. ಅಲ್ಲಿಂದ ವೀಸಾ ಮಾಡಿಸಿ ಸ್ಯಾನ್ ಡಿಯಾಗೋಕ್ಕೆ, ಫೋರ್ ಎಸ್ ರ್ಯಾಂಚ್‌ನ ಈ ಹೊಸ ಮನೆಗೆ ಕರೆತಂದರು. ಇಳಿದ ದಿನವೇ ಮನೆಯ ಯಜಮಾನ ಕೇಶವಮೂರ್ತಿ ಅವಳ ಪಾಸ್‌ಪೋರ್ಟನ್ನು ತನ್ನ ಲಾಕರಿನಲ್ಲಿಟ್ಟ. ಸೇಫ್ ಆಗಿರುತ್ತೆ ಎಂದ. ಯಾರಿಂದ ಸೇಫ್ ಎಂದು ಕೇಳಲು ಅವಳಿಗೆ ತೋಚಲಿಲ್ಲ. ಅವಳ ತಟ್ಟೆ, ಲೋಟ ಸಿಂಕಿನ ಕೆಳಗೆ ಬೇರೆಯಾಗಿ ಇರುತ್ತಿದ್ದವು. ಇಷ್ಟೆಲ್ಲ ಮಾಡುವವರು ಕೆಟ್ಟವರೇನಲ್ಲ, ಅದೇ ತಲೆನೋವು. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು.

ದೃಷ್ಟಿ ತೆಗೆಯುವುದು ನಿಮಗೆ ಗೊತ್ತೇ ಇದೆ. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲಿನವರೆಗೆ ಇಳಿಸಿ ಬೆಂಕಿಗೆ ಹಾಕಬೇಕು. ಘಾಟು ಬಂದರೆ ಯಾರ ಕಣ್ಣೂ ಬಿದ್ದಿಲ್ಲ. ಘಾಟು ಬರದಿದ್ದರೆ ಕಣ್ಣು ಬಿದ್ದಿತ್ತು, ಈಗ ಸುಟ್ಟುಹೋಯಿತು. ಶಂಕ್ರವ್ವ ಮೊದಲ ಸಲ ಗ್ಯಾಸ್ ಒಲೆಯ ಮೇಲೆ ತವಾ ಇಟ್ಟು ಮೆಣಸಿನಕಾಯಿ ಹಾಕಿದಾಗ ಸೂರಿನಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಂಡು ಅಕ್ಕಪಕ್ಕದ ಬಿಳಿಯರೆಲ್ಲ ಹೊರಗೆ ಬಂದು ನಿಂತರು. ಕೇಶವಮೂರ್ತಿಗೆ ಮಾನ ಹೋದಂತಾಯಿತು. ಇನ್ನು ಮೇಲೆ ಮೊದಲು ಒಲೆಯ ಮೇಲಿನ ದೊಡ್ಡ ಫ್ಯಾನ್ ಹಾಕಬೇಕು, ಆಮೇಲೆ ದೃಷ್ಟಿ ಎಂದು ಅಪ್ಪಣೆಯಾಯಿತು. ಆ ಫ್ಯಾನೋ, ಹಾಕಿದರೆ ಪಕ್ಕದಲ್ಲಿ ನಿಂತವರ ಮಾತೇ ಕೇಳದು. ಹೊಗೆಯನ್ನೆಲ್ಲ ಎಳೆದು ಹೊರಗೆ ಒಗೆಯುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ಒಂದು ಸಲವೂ ಘಾಟು ಬರಲಿಲ್ಲ.

"ನೋಡಿದ್ರಾ, ಚೂರೂ ಘಾಟಿಲ್ಲ! ಎಂಥಾ ಕಣ್ಣಪ್ಪಾ ಇದು!" ಎಂದು ಉಷಾ ಎದೆ ಬಡಿದುಕೊಳ್ಳುತ್ತಿದ್ದಳು. ಟೆಲಿಕಾಂ ಕಂಪನಿಯಲ್ಲಿ ಇಪ್ಪತ್ತು ವರ್ಷ ಇಂಜಿನಿಯರಾಗಿದ್ದ ಗಂಡ ಗುಂಯ್‌ಗುಡುವ ಫ್ಯಾನಿನ ಕೆಳಗೇ ನಿಂತು ಹೌದೌದೆಂದು ತಲೆಯಾಡಿಸುತ್ತಿದ್ದ. ನಗಬೇಡಿ. ಶಂಕ್ರವ್ವನೂ ನಂಬಿದ್ದಳು. ಪಾಪ ಹುಡುಗ, ಊರೆಲ್ಲ ಇವನ ಮೇಲೇ ಕಣ್ಣು ಹಾಕುತ್ತದಲ್ಲ ಎಂದು ಮರುಗಿ ನೆಟಿಗೆ ಮುರಿಯುತ್ತಿದ್ದಳು.

ಊರಿನ ಕಣ್ಣು ಬೀಳಲು ಕಾರಣವೂ ಇತ್ತು ಅನ್ನಿ. ಶ್ರೀಕರ ಹಾಡು ಕಟ್ಟುತ್ತಿದ್ದ. ಇಲ್ಲಿಯ ಬೀಟು, ನಮ್ಮ ಕಡೆಯ ಆಲಾಪ ಸೇರಿಸಿ ಏನೋ ಮಾಡುತ್ತಿದ್ದ. ಚೆನ್ನಾಗಿಯೇ ಮಾಡುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಇಪ್ಪತ್ತಾರಕ್ಕೇ ಅವನ ಹಾಡು ರೇಡಿಯೋದಲ್ಲಿ ಬಂತು. ಅಂದಿನಿಂದ ಕನ್ನಡದವರ ಗುಂಪಿನಲ್ಲಿ ಅವನ ಹೆಸರು ಹೋಗಿ ಜೀನಿಯಸ್ ಎಂದಾಯಿತು. ಕರೆದ ಊಟಕ್ಕೆ ತಡವಾಗಿ ಬಂದರೆ ಜೀನಿಯಸ್. ಬಡಿಸಿದ ತಟ್ಟೆ ತಳ್ಳಿ ಎದ್ದರೆ ಜೀನಿಯಸ್. ಡ್ರಮ್ ಬಾರಿಸುವ ಹುಡುಗನಿಗೆ ಎಲ್ಲರೆದುರು ಕೆನ್ನೆಗೆ ಹೊಡೆದರೂ ಜೀನಿಯಸ್. "ಅವರೆಲ್ಲ ಹಾಗೇ ಕಣ್ರೀ, ನಮ್ಮ ನಿಮ್ಮ ಹಾಗಲ್ಲ" ಎನ್ನುತ್ತಿದ್ದರು. ಶಂಕ್ರವ್ವನಿಗೆ ಬರುತ್ತಿದ್ದ ನಾಲ್ಕಾರು ಇಂಗ್ಲಿಷ್ ಮಾತುಗಳಲ್ಲಿ ಅದೂ ಒಂದು. ತಾನು ತಿಂದ ತಟ್ಟೆ ತಾನು ತೊಳೆಯದವನು ಜೀನಿಯಸ್ ಎಂದು ಅವಳು ತಿಳಿದಿದ್ದಳು. ಅಷ್ಟೇನೂ ತಪ್ಪಲ್ಲ.

2006ರ ಬೇಸಿಗೆಯಲ್ಲಿ ಶ್ರೀಕರ ಹೊಸ ಆಲ್ಬಮ್ ಮಾಡಲು ಲಾಸ್ ಏಂಜಲೀಸಿನ ಸ್ಯಾನ್ ಪೀಡ್ರೊದಲ್ಲಿ ಒಂದು ಹಳೆಯ ಮನೆ ಹಿಡಿದ. ಬಂದರಿನ ಪಕ್ಕ. ಹುಡುಗ ಹೊರಗೆ ತಿಂದು ಹಾಳಾಗುತ್ತಾನೆಂದು ಉಷಾ ಶಂಕ್ರವ್ವನನ್ನು ಕಾರಿನಲ್ಲಿ ಕೂರಿಸಿ ಅಲ್ಲಿಗೆ ಬಿಟ್ಟು ಬಂದಳು.

ಅಲ್ಲಿ ಶಂಕ್ರವ್ವ ಸದ್ದಿಲ್ಲದೆ ಅಡುಗೆ ಮಾಡುವುದನ್ನು ಕಲಿತಳು. ಒಳಗೆ ಮೈಕ್ ಇದೆ. ಕುಕ್ಕರ್ ಕೂಗಿಸುವ ಹಾಗಿಲ್ಲ, ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸು. ಮಿಕ್ಸಿ ಹಾಕುವ ಹಾಗಿಲ್ಲ, ಬಟ್ಟೆಯಲ್ಲಿ ಸುತ್ತಿ ಕುಟ್ಟು. ಸಿಂಕಿನಲ್ಲಿ ಟವೆಲ್ ಹಾಸಿ ಪಾತ್ರೆ ತೊಳೆ. ಚಪ್ಪಲಿ ಬಿಡು. ಕೆಮ್ಮು ಬಂದರೆ ಹಿತ್ತಲಿಗೆ ಹೋಗು. ಒಗ್ಗರಣೆ ಚಟಪಟ ಎಂದದ್ದಕ್ಕೆ ಒಂದು ದಿನ ಬಾಣಲೆಯನ್ನೇ ಎತ್ತಿ ಅಂಗಳಕ್ಕೆ ಎಸೆದ. ಹೊರಗೆ ಬಂದರಿನಲ್ಲಿ ಹಡಗು ಭೋಂ ಎಂದು ಕೂಗುತ್ತಿತ್ತು. ಅದು ಮುಗಿಯುವವರೆಗೆ ಶ್ರೀಕರ ಕೈಕಟ್ಟಿ ಕಾಯುತ್ತಿದ್ದ. ಹಡಗಿಗೆ ಯಾರೂ ಬೈಯುವುದಿಲ್ಲ.

ಇನ್ನೊಂದು ಮಾತು. ಕನ್ನಡ ಸಂಘದ ಇಂದಿರಾ ಆಂಟಿ ಫೋನ್ ಮಾಡಿದರೆ ಅವನು "ಹೇಳಿ ಆಂಟಿ, ನೀವು ಹೇಗಿದೀರಾ" ಎನ್ನುತ್ತಿದ್ದ. ಅದೇ ವಯಸ್ಸಿನ ಶಂಕ್ರವ್ವನಿಗೆ "ಏ, ನೀನು". ಅವಳು ಅವನನ್ನು ಶ್ರೀಕರಪ್ಪಾರ ಎನ್ನುತ್ತಿದ್ದಳು.

ಆ ದಿನ ಬೆಳಿಗ್ಗೆ ಅವನೇ ಹೇಳಿದ್ದು. "ಇವತ್ತು ಜೋಳದ ರೊಟ್ಟಿ ಮಾಡು. ಬಿಸಿ ಬಿಸಿ ಬೇಕು."

"ರೊಟ್ಟಿ ಬಡದ್ರ ಸಪ್ಪಳ ಆಗತೈತ್ರಿ, ಶ್ರೀಕರಪ್ಪಾರ."

"ಮಾಡು ಅಂದ್ರೆ ಮಾಡು."

ಮಧ್ಯಾಹ್ನ ಅವಳು ಹಿಟ್ಟು ನಾದಿದಳು. ಬಡಿದಳು. ಜೋಳದ ರೊಟ್ಟಿಯನ್ನು ಲಟ್ಟಿಸಲು ಬರುವುದಿಲ್ಲ, ಅಂಗೈಯಲ್ಲೇ ಬಡಿಯಬೇಕು. ತಪ್ ತಪ್ ಎನ್ನಲೇಬೇಕು. ಮೊದಲ ರೊಟ್ಟಿ ಬೆಂದಿತು. ಬಿಸಿ ಬೇಕೆಂದಿದ್ದನಲ್ಲ, ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈಯಿಂದ ಸ್ಟುಡಿಯೋ ಕೋಣೆಯ ಬಾಗಿಲನ್ನು ಮೆಲ್ಲನೆ ತಳ್ಳಿ ಚೌಕಟ್ಟು ಹಿಡಿದು ನಿಂತಳು. ರೊಟ್ಟಿಯ ಸದ್ದಿಗೆ ಆಗಲೇ ಸಿಟ್ಟಾಗಿ ಕೀಬೋರ್ಡ್ ನುಡಿಸುತ್ತಿದ್ದವನು ನಿಲ್ಲಿಸಿದ. ಎದ್ದ. ಬಂದ. ಅವಳ ಮುಖ ನೋಡಿದ. ಬಾಗಿಲನ್ನು ಎಳೆದು ಬಡಿದ.

ಸದ್ದು ಹೊರಗೆ ಹೋಗದಿರಲೆಂದು ಮಾಡಿದ ದಪ್ಪ ಬಾಗಿಲು ಅದು. ಅವಳ ಬೆರಳುಗಳು ಚೌಕಟ್ಟಿನಲ್ಲಿದ್ದವು.

ಬಾಗಿಲು ಮತ್ತೆ ತೆರೆಯಿತು. ಅವನು ಬೆರಳುಗಳನ್ನು ನೋಡಿದ. ಅವಳ ಬಾಯಿ ತೆರೆದದ್ದನ್ನು ನೋಡಿದ. ತನ್ನ ತುಟಿಯ ಮೇಲೆ ಬೆರಳಿಟ್ಟ. "ಶ್. ಟೇಕ್ ನಡೀತಿದೆ" ಎಂದ. ಬಾಗಿಲು ಮುಚ್ಚಿದ. ಶಂಕ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿ ಕುಳಿತಳು. ಒಳಗೆ ಹಾಡು ಮತ್ತೆ ಶುರುವಾಯಿತು. ರೊಟ್ಟಿ ನೆಲದ ಮೇಲೆ ಬಿದ್ದಿತ್ತು. ಅದನ್ನೂ ಎಡಗೈಯಿಂದ ಅವಳೇ ಎತ್ತಿದಳು.

ಸಂಜೆ ಉಷಾ ಸ್ಯಾನ್ ಡಿಯಾಗೋದಿಂದ ಟ್ರಾಫಿಕ್ಕಿನಲ್ಲಿ ಬಂದು ಕ್ಲಿನಿಕ್ಕಿಗೆ ಕರೆದೊಯ್ದಳು. ಮೂರು ಬೆರಳು ಮುರಿದಿದ್ದವು. ಹೇಗಾಯಿತೆಂದು ಡಾಕ್ಟರಮ್ಮ ಶಂಕ್ರವ್ವನನ್ನೇ ನೋಡಿ ಕೇಳಿದಳು. ಉತ್ತರ ಕೊಟ್ಟವಳು ಉಷಾ. ಇಂಗ್ಲಿಷ್ ತಿಳಿಯದಿದ್ದರೂ ಉಷಾ ಕೈಯಲ್ಲಿ ಮಾಡಿ ತೋರಿಸಿದ್ದು ತಿಳಿಯಿತು. ಇವಳೇ ಬಾಗಿಲೆಳೆದುಕೊಂಡಳು, ಇವಳದೇ ಬೆರಳು ಸಿಕ್ಕಿತು. ಮಾಡಿ ತೋರಿಸಿ ಉಷಾ ಪಾಪ ಎಂಬಂತೆ ನಕ್ಕಳು. ಡಾಕ್ಟರಮ್ಮನೂ ನಕ್ಕಳು. ಥೂ.

ಬೆರಳು ಸೊಟ್ಟಗೆ ಕೂಡಿಕೊಂಡವು. ಮುಷ್ಟಿ ಮುಚ್ಚುತ್ತಿರಲಿಲ್ಲ. ಆದರೂ ಫೋರ್ ಎಸ್ ರ್ಯಾಂಚ್‌ಗೆ ಮರಳಿ ಅದೇ ಕೈಯಲ್ಲಿ ಪಾತ್ರೆ ತಿಕ್ಕಿದಳು, ಅದೇ ಕೈಯಲ್ಲಿ ಕಾರ್ಪೆಟ್ ಮೇಲೆ ವ್ಯಾಕ್ಯೂಮ್ ಎಳೆದಳು. ನೋವಿಗೆ ಗುಳಿಗೆ ಕೊಟ್ಟರು. ರೇಷ್ಮೆ ಸೀರೆ ಕೊಟ್ಟರು. ಊರಿಗೆ ಟಿಕೆಟ್ ಕೊಡಿಸುತ್ತೇವೆಂದರು. ಅವಳು ಕೇಳಿದ್ದು ಅದಾವುದನ್ನೂ ಅಲ್ಲ.

"ಅಮ್ಮಾರ, ಅವ್ರ ಬಾಯಿಂದ ಒಂದ್ ಮಾತು. ನಾ ಮಾಡೇನಿ ಅಂತ. ಅಷ್ಟ ಸಾಕ್ರಿ."

"ಅದು ಅವನು ಮಾಡಿದ್ದಲ್ಲ ಶಂಕ್ರವ್ವ. ಹಾಡು ಕಟ್ಟೋವಾಗ ಅವನು ಅವನಾಗಿರಲ್ಲ. ನಿಂಗೆ ಹೇಗೆ ಹೇಳ್ಲಿ? ಕ್ರಿಯೇಟಿವ್ ಜನ."

"ಮತ್ಯಾರ್ರಿ ಮಾಡಿದ್ದು?"

"ಯಾರದೋ ಕಣ್ಣು. ನೀನೇ ಎಷ್ಟು ಸಲ ತೆಗ್ದಿಲ್ಲ?"

ತೆಗೆದವಳು ಅವಳೇ. ಅದೇ ಅವಳನ್ನು ಒಳಗಿಂದ ಕಡಿಯುತ್ತಿತ್ತು.

ಮರುವರ್ಷ ಆಲ್ಬಮ್ ಬಂತು. ಒಂದು ಹಾಡು ಎಲ್ಲರ ಬಾಯಲ್ಲೂ ನಿಂತಿತು. ಹಾಡಿನ ನಡುವೆ ಎಲ್ಲ ವಾದ್ಯಗಳೂ ಥಟ್ಟನೆ ನಿಲ್ಲುತ್ತವೆ. ಕೇಳುವವರು ಉಸಿರು ಹಿಡಿಯುವಷ್ಟು ಉದ್ದದ ಮೌನ. ಆಮೇಲೆ ಕೀಬೋರ್ಡ್ ಸಿಟ್ಟಿನಿಂದ ಎದ್ದು ಬರುತ್ತದೆ. ಆ ಮೌನಕ್ಕೇ ಜನ ಬಿದ್ದುಹೋದರು. ಪತ್ರಿಕೆಯಲ್ಲಿ ಅದರ ಬಗ್ಗೆಯೇ ಬರೆದರು. ಅದು ನನಗೆ ತಾನಾಗಿ ಸಿಕ್ಕಿತು, ನಾನು ಮಾಡಿದ್ದಲ್ಲ ಎಂದು ಶ್ರೀಕರ ಹೇಳಿಕೆ ಕೊಟ್ಟ. ಆಹಾ, ಎಂಥ ವಿನಯ ಎಂದರು.

ಮನೆಯ ಸ್ಪೀಕರಿನಲ್ಲಿ ಆ ಹಾಡು ಮೊದಲ ಸಲ ಬಂದಾಗ ಶಂಕ್ರವ್ವ ಬಟ್ಟೆ ಮಡಿಸುತ್ತಿದ್ದಳು. ಮೌನ ಬಂತು. ಅವಳ ಕೈ ನಿಂತಿತು. ಆಮೇಲೆ ಎದ್ದ ಆ ರಾಗ ಅವಳಿಗೆ ಗೊತ್ತಿತ್ತು. ಸೆರಗು ಕಚ್ಚಿಕೊಂಡು ಕುಳಿತಾಗ ಗೋಡೆಯ ಆಚೆಯಿಂದ ಕೇಳಿದ್ದು ಅದೇ. ಮೈಕಿಗೆ ಬಿದ್ದಿದ್ದ ರೊಟ್ಟಿಯ ಸದ್ದು, ಬಾಗಿಲಿನ ಸದ್ದು ಎಲ್ಲ ಶ್ರೀಕರ ಒರೆಸಿ ಹಾಕಿದ್ದ. ಒರೆಸಿ ಉಳಿದದ್ದಕ್ಕೆ ಮೌನ ಎಂದು ಹೆಸರಿಟ್ಟಿದ್ದರು.

"ಆ ಜಾಗ ಬರತ್ತಲ್ಲ, ಮೈ ಜುಂ ಅನ್ನತ್ತೆ" ಎಂದಳು ಇಂದಿರಾ ಆಂಟಿ, ಫೋರ್ ಎಸ್ ರ್ಯಾಂಚ್‌ನ ಮನೆಯಲ್ಲಿ ಸಂಘದವರು ಅವನಿಗೆ ಸನ್ಮಾನ ಇಟ್ಟುಕೊಂಡ ಭಾನುವಾರ. ಹಾಲ್ ತುಂಬ ಜನ. ಪಕ್ಕದ ರ್ಯಾಂಚೊ ಪೆನಾಸ್ಕಿಟೋಸ್‌ನಿಂದ ಉತ್ತರ ಕರ್ನಾಟಕದ ಮನೆಗಳವರೂ ಬಂದಿದ್ದರು. ಅವರಿಗಾಗಿ ಜೋಳದ ರೊಟ್ಟಿ ಊಟವೆಂದು ಉಷಾ ಮೊದಲೇ ಸಾರಿದ್ದಳು. ಶಂಕ್ರವ್ವ ಬೆಳಗಿನಿಂದ ಎಡಗೈಯಲ್ಲಿ ಬಡಿಯುತ್ತಿದ್ದಳು. ಅರ್ಧವೂ ಆಗಿರಲಿಲ್ಲ.

ಶಾಲು ಹೊದಿಸುವ ಮೊದಲು ಉಷಾ ಕರೆದಳು. "ಶಂಕ್ರವ್ವಾ, ಇವತ್ತು ಎಲ್ಲರ ಕಣ್ಣೂ ಇವನ ಮೇಲೇ. ಬಾ, ತೆಗೆದುಬಿಡು."

ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲ. ಎಲ್ಲರೂ ನೋಡುತ್ತಿದ್ದರು. ಶಂಕ್ರವ್ವ ಎಡಗೈಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಬಂದಳು.

"ಅಯ್ಯೋ, ಎಡಗೈಲಿ ತೆಗೀತಾರಾ ಯಾರಾದ್ರೂ? ಬಲಗೈಲಿ ಹಿಡ್ಕೋ."

ಬಲಗೈಗೆ ಬದಲಿಸಿದಳು. ಮುಷ್ಟಿ ಮುಚ್ಚಲಿಲ್ಲ. ಸೊಟ್ಟ ಬೆರಳುಗಳ ಸಂದಿನಿಂದ ಉಪ್ಪು ಶ್ರೀಕರನ ಹೊಸ ಜುಬ್ಬಾದ ಮೇಲೆ, ನೆಲದ ಮೇಲೆ ಸೋರಿತು. ಯಾರೋ ಹೆಂಗಸು "ಏನಾಯ್ತು ಈಕಿ ಕೈಗೆ?" ಎಂದು ಕೇಳಿದಳು.

"ಬಾಗ್ಲಿಗೆ ಸಿಕ್ಕಿಸ್ಕೊಂಡ್ಲು. ಎಲ್ಲದಕ್ಕೂ ಗಡಿಬಿಡಿ ಇವಳಿಗೆ" ಎಂದಳು ಉಷಾ. ನಗು ಬಂತು.

ಶಂಕ್ರವ್ವ ಶ್ರೀಕರನ ಮುಖ ನೋಡಿದಳು. ಅವನು ಕೈಯಲ್ಲಿದ್ದ ಫೋನ್ ನೋಡಿದ.

ಅವಳು ಇಳಿಸಿದಳು. ಉಳಿದ ಉಪ್ಪು, ಮೆಣಸಿನಕಾಯಿಗಳನ್ನು ಕಾದ ತವಾಕ್ಕೆ ಹಾಕಿದಳು. ಅಭ್ಯಾಸಬಲದಿಂದ ಕೈ ಫ್ಯಾನಿನ ಗುಂಡಿಗೆ ಹೋಯಿತು. ಅಲ್ಲೇ ನಿಂತಿತು. ಎಷ್ಟು ಸಲ ಈ ಗುಂಡಿ ಒತ್ತಿದ್ದಳು! ಎಷ್ಟು ಸಲ ಹೊಗೆ ಹೊರಗೆ ಹೋಗಿತ್ತು, ಎಷ್ಟು ಸಲ ಇವನು ಪಾರಾಗಿದ್ದ! ಕೈ ಹಿಂದಕ್ಕೆ ತೆಗೆದುಕೊಂಡಳು.

ಘಾಟು ಎದ್ದಿತು. ಎಂಥ ಘಾಟು ಅಂತೀರಿ! ಮುಂದಿನ ಸಾಲಿನವರು ಮೊದಲು ಕೆಮ್ಮಿದರು. ಆಮೇಲೆ ಹಾಲಿಗೆ ಹಾಲೇ ಕೆಮ್ಮಿತು. ಶ್ರೀಕರ ಕಣ್ಣುಜ್ಜಿಕೊಂಡ.

"ಫ್ಯಾನ್! ಫ್ಯಾನ್ ಹಾಕೇ!" ಉಷಾ ಓಡಿ ಬಂದಳು.

ಶಂಕ್ರವ್ವ ಗುಂಡಿಗೆ ಅಡ್ಡವಾಗಿ ನಿಂತಳು. "ಹಾಕಂಗಿಲ್ರಿ. ಘಾಟು ಬಂತು ನೋಡ್ರಿ ಅಮ್ಮಾರ. ಯಾರ ಕಣ್ಣೂ ಬಿದ್ದಿಲ್ಲ ಇವ್ರಿಗೆ. ಇಷ್ಟ್ ದಿನಾ ಫ್ಯಾನ್ ಎಳೀತಿತ್ತು. ನನ್ನ ಕೈ ಮುರದಾವ್ರು..."

ಅಷ್ಟರಲ್ಲಿ ಅಲಾರಂ ಕಿರುಚಿತು. ಅವಳು ಹೇಳಿದಳು. ಪೂರ್ತಿ ಹೇಳಿದಳು, ಗಂಟಲು ಹರಿಯುವಂತೆ ಹೇಳಿದಳು. ಒಬ್ಬರಿಗೂ ಕೇಳಲಿಲ್ಲ. ಕಿವಿ ಮುಚ್ಚಿಕೊಂಡು, ಮೂಗು ಮುಚ್ಚಿಕೊಂಡು ಎಲ್ಲರೂ ಹಿತ್ತಲಿಗೆ ಓಡಿದರು. ಇಷ್ಟು ವರ್ಷದ ಮೇಲೆ ಬಾಯಿ ಬಿಟ್ಟರೆ ಅದನ್ನೂ ಒಂದು ಡಬ್ಬಿ ನುಂಗಿತು. ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಕೇಶವಮೂರ್ತಿ ಕುರ್ಚಿ ಹತ್ತಿ ಅಲಾರಂ ಕಿತ್ತ. ಕಿಟಕಿ ತೆಗೆದ. "ನಾಳೆನೇ ಟಿಕೆಟ್ ಬುಕ್ ಮಾಡ್ತೀನಿ. ನೀನು ಹೊರಡು" ಎಂದ, ಅವಳ ಮುಖ ನೋಡದೆ.

"ನಾಳೆ ತನಕ ಇರ್ಲಿ, ರೊಟ್ಟಿ ಯಾರು ಮಾಡ್ತಾರೆ?" ಉಷಾ ಪಿಸುಗುಟ್ಟಿದಳು. ಆಮೇಲೆ ಅವಳ ಕಡೆ ತಿರುಗಿ, "ಹೊರಗೆ ಹಾಡು ಹಾಕ್ತಾರೆ. ಮುಗಿಯೋವರ್ಗೂ ಬಡೀಬೇಡ. ಆಮೇಲೆ ಮುಗಿಸು" ಎಂದು ಕಣ್ಣೊರೆಸಿಕೊಂಡು ಹೊರಟಳು.

ಹಿತ್ತಲಿನಲ್ಲಿ ದೊಡ್ಡ ಸ್ಪೀಕರುಗಳು. ಜನ ಹುಲ್ಲಿನ ಮೇಲೆ ನಿಂತಿದ್ದರು. ಯಾರೋ ಘಾಟಿನ ಬಗ್ಗೆ ಜೋಕ್ ಮಾಡಿದರು, ಎಲ್ಲರೂ ನಕ್ಕರು. ಹಾಡು ಶುರುವಾಯಿತು. ಶಂಕ್ರವ್ವ ತೆರೆದ ಕಿಟಕಿಯ ಪಕ್ಕ ಕಲ್ಲಿನ ಕಟ್ಟೆಯ ಮುಂದೆ ನಿಂತಿದ್ದಳು. ಹಿಟ್ಟಿನ ಉಂಡೆ ಅವಳ ಮುಂದಿತ್ತು. ಅವಳು ಕಾದಳು. ಕಾಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ವಾದ್ಯಗಳು ನಿಂತವು. ಮೌನ ಬಂತು. ಹುಲ್ಲಿನ ಮೇಲೆ ಎಲ್ಲರೂ ಕಣ್ಣು ಮುಚ್ಚಿದರು.

ತಪ್. ತಪ್. ತಪ್.

ಬಲಗೈಯಲ್ಲೇ ಬಡಿದಳು. ಸೊಟ್ಟ ಬೆರಳಿನಿಂದ ಭುಜದವರೆಗೆ ನೋವು ಏರಿತು. ತಾಳ ತಪ್ಪುತ್ತಿತ್ತು. ತಪ್. ತ... ತಪ್. ಜನ ಕಣ್ಣು ಬಿಟ್ಟು ಕಿಟಕಿಯ ಕಡೆ ತಿರುಗಿದರು. ಶ್ರೀಕರನ ಮುಖದ ಬಣ್ಣ ಹೋಯಿತು. ಆ ಸದ್ದು ಆ ಮೌನದಿಂದಲೇ ಒರೆಸಿದ್ದೆಂದು ಆ ಹಿತ್ತಲಿನಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅವನು ಕಿಟಕಿಗೆ ಬಂದ. ತುಟಿಯ ಮೇಲೆ ಬೆರಳಿಟ್ಟ.

"ಶ್."

ತಪ್. ತಪ್.

ಕೀಬೋರ್ಡ್ ಎದ್ದು ಬಂತು. ಅವಳು ನಿಲ್ಲಿಸಲಿಲ್ಲ. ಯಾರೋ ಹಾಡು ನಿಲ್ಲಿಸಿದರು. ಈಗ ಉಳಿದದ್ದು ರೊಟ್ಟಿಯ ಸದ್ದೊಂದೇ.

"ನಿಲ್ಸು ಶಂಕ್ರವ್ವ. ಏನು ನಾಟಕ ಇದು?" ಎಂದ ಶ್ರೀಕರ.

"ಈ ಸಪ್ಪಳಕ್ಕ ನೀ ಅವತ್ತ ಎದ್ದು ಬಂದಿ." ಅವಳ ದನಿ ಏರಲಿಲ್ಲ. ನೀವು ಎನ್ನುವುದನ್ನು ಬಿಟ್ಟಿದ್ದಳು. "ಬಾಗಲಾ ಬಡದಿ. ನನ್ನ ಬೆರಳು ಸಂದಿನಾಗ ಇದ್ದವು. ಬಾಗಲಾ ತಗದು ನೋಡಿದಿ. ನೋಡಿ, ಶ್ ಅಂದಿ. ನಿನ್ನ ಹಾಡಿನಾಗ ಎಲ್ಲಾರೂ ಕಣ್ಣು ಮುಚ್ಚತಾರಲ್ಲ, ಅಲ್ಲೇ ನನ್ನ ಕೈ ಮುರದೈತಿ."

ಶ್ರೀಕರ ಜನರ ಕಡೆ ತಿರುಗಿದ. "ಇಟ್ ವಾಸ್ ಆನ್ ಆಕ್ಸಿಡೆಂಟ್" ಎಂದ.

"ಹೋಗ್ಲಿ ಬಿಡಮ್ಮ" ಎಂದಳು ಇಂದಿರಾ ಆಂಟಿ, ಕಿಟಕಿಯ ಹತ್ತಿರ ಬಂದು, ಮಗುವಿಗೆ ಹೇಳುವಂತೆ. "ದೊಡ್ಡ ಕಲಾವಿದರಿಗೆ ಸಿಟ್ಟು ಇರತ್ತೆ. ಇವತ್ತು ಒಳ್ಳೆ ದಿನ, ಯಾಕೆ ಹಾಳು ಮಾಡ್ತೀಯಾ? ನಿಂಗೇನು ಬೇಕು ಹೇಳು."

"ಅಂವಗ ಗೊತ್ತೈತ್ರಿ ನನಗೇನ್ ಬೇಕು ಅನ್ನೋದು."

ಗುಂಪಿನ ಹಿಂದಿನಿಂದ ನಿಕಿತಾ ಮುಂದೆ ಬಂದಳು. ಅವಳ ಕಣ್ಣು ಕೆಂಪಾಗಿತ್ತು, ಘಾಟಿಗೋ ಏನೋ. "ಅಣ್ಣಾ, ಜಸ್ಟ್ ಸೇ ಇಟ್" ಎಂದಳು.

"ನೀನು ಸುಮ್ನಿರು!" ಉಷಾ ಮಗಳ ರಟ್ಟೆ ಹಿಡಿದೆಳೆದಳು.

ತಪ್. ತಪ್. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಅಂಥ ರೊಟ್ಟಿಯನ್ನು ಶಂಕ್ರವ್ವ ಹುಟ್ಟಿದಾಗಿನಿಂದ ಬಡಿದಿರಲಿಲ್ಲ.

"ಪ್ಲೀಸ್, ನಿಲ್ಲಿಸ್ತೀಯಾ?" ಶ್ರೀಕರನ ದನಿ ಒಡೆಯಿತು.

"ನಾ ಮಾಡೇನಿ ಅನ್ನು. ನಿಲ್ಲಸ್ತೀನಿ."

ಅವನು ಬಾಯಿ ತೆರೆದ. ಎಲ್ಲರೂ ಅವನ ಬಾಯನ್ನೇ ನೋಡಿದರು. ಶಂಕ್ರವ್ವನ ಕೈ ಗಾಳಿಯಲ್ಲಿ ನಿಂತಿತು. ಅವನು ತಾಯಿಯ ಕಡೆ ತಿರುಗಿದ.

"ಅಮ್ಮಾ, ನೋಡು ಇವಳನ್ನ..." ಎಂದ.

ಶಂಕ್ರವ್ವ ಹರಿದ ರೊಟ್ಟಿಯನ್ನು ತವಾಕ್ಕೆ ಹಾಕಿದಳು. ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು.